ವೈರಸ್ಸಿಗೆ ಜಾತಿ ಇಲ್ಲ, ಸಾವಿಗೆ ಐತಿ: ನಮ್ಮ ಕೇರಿಯ ಕೂಸುಗಳ ವಾಂತಿ-ಭೇದಿಯ ಚರಿತ್ರೆ

ಬರಹ ಉದ್ದ ಐತಿ, ಪುರುಸೊತ್ತು ಮಾಡಿಕೊಂಡು ಓದಿ.

ಕೊರೊನಾ ಬಂದಾಗ ಟಿವಿಯವರು, ಮಂತ್ರಿಗಳು, ಸ್ವಾಮಿಗಳು ಎಲ್ಲರೂ ಒಂದೇ ಮಾತು ಹೇಳಿದರು: "ವೈರಸ್ಸಿಗೆ ಜಾತಿ ಇಲ್ಲ." ಕೇಳಾಕ ಚಂದ ಐತಿ. ಆ ಮಾತು ಎಷ್ಟು ಖರೆ ಅಂತ ನೋಡಬೇಕಾದರೆ ಕೊರೊನಾಕ್ಕಿಂತ ಹಳೆಯ, ಇವತ್ತಿಗೂ ನಮ್ಮ ನಡುವೆಯೇ ಇರುವ ಇನ್ನೊಂದು ವೈರಸ್ ತಗೊಂಡು ಲೆಕ್ಕ ಹಾಕೋಣ. ಅದರ ಹೆಸರು ರೋಟಾ. ಸಣ್ಣ ಕೂಸುಗಳಿಗೆ ವಾಂತಿ-ಭೇದಿ ತರುವ ವೈರಸ್ಸುಗಳಲ್ಲಿ ಅತಿ ಹೆಚ್ಚು ಜೀವ ತಗೊಂಡದ್ದು ಇದೇ. ನೊರೊ, ಅಡೆನೊ, ಆಸ್ಟ್ರೊ ಅಂತ ಇದೇ ಕೆಲಸ ಮಾಡುವ ಬೇರೆ ವೈರಸ್ಸುಗಳೂ ಇವೆ.

ರೋಟಾ ನಿಜವಾಗಿಯೂ ಜಾತಿ ನೋಡೂದಿಲ್ಲ. ಲಸಿಕೆ ಬರೋಕೆ ಮುಂಚೆ ಜಗತ್ತಿನ ಹೆಚ್ಚುಕಡಿಮೆ ಪ್ರತಿ ಕೂಸಿಗೂ ಐದು ವರ್ಷ ತುಂಬೋದರೊಳಗೆ ಒಮ್ಮೆಯಾದರೂ ಇದು ತಗಲುತ್ತಿತ್ತು. ನ್ಯೂಯಾರ್ಕಿನ ಸಾಹುಕಾರನ ಮಗನಿಗೂ ತಗಲುತ್ತಿತ್ತು, ಇಳಕಲ್ಲಿನ ಮಗ್ಗದ ಕೂಲಿಯ ಮಗಳಿಗೂ ತಗಲುತ್ತಿತ್ತು. ಆದರೆ ಮುಂದಿನ ಲೆಕ್ಕ ನೋಡಿ. 2006ರಲ್ಲಿ ಲಸಿಕೆ ಬರುವ ಮೊದಲು ಅಮೆರಿಕದಲ್ಲಿ ವರ್ಷಕ್ಕೆ ರೋಟಾದಿಂದ ಸಾಯುತ್ತಿದ್ದ ಮಕ್ಕಳು 20ರಿಂದ 60. ಭಾರತದಲ್ಲಿ ಸಾರ್ವಜನಿಕ ಲಸಿಕೆ ಬರುವ ಮೊದಲಿನ ಅಂದಾಜು ವರ್ಷಕ್ಕೆ ಸುಮಾರು 78,000. ರೋಗ ಅದೇ, ಕೂಸಿನ ಕರುಳು ಅದೇ. ಹಾಗಾದರೆ ನಡುವೆ ಏನು ಬಂತು?

ನಡುವೆ ಬಂದದ್ದು ನೀರು, ದವಾಖಾನೆ, ರೊಕ್ಕ, ಓಣಿ. ನಮ್ಮ ದೇಶದಲ್ಲಿ ಈ ನಾಲ್ಕನ್ನೂ ಹಂಚಿದ್ದು ಜಾತಿ. ಅದರ ಚರಿತ್ರೆ ಬರೀತೀನಿ.

ರಿಜಿಸ್ಟರಿನಲ್ಲಿ ಹೆಸರಿಲ್ಲದ ಸಾವು

ನಮ್ಮ ಬಾಗಲಕೋಟೆ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೂ ಮೊದಲು ವಿಜಾಪುರ ಜಿಲ್ಲೆ. ಅದಕ್ಕೂ ಹಿಂದೆ, 1880ರ ದಶಕದವರೆಗೆ, ಬಾದಾಮಿ, ಬಾಗಲಕೋಟೆ, ಹುನಗುಂದ ಎಲ್ಲವೂ ಕಲಾದಗಿ ಜಿಲ್ಲೆಯಲ್ಲಿದ್ದವು, ಮುಂಬಯಿ ಪ್ರಾಂತ್ಯದ ಆಡಳಿತದ ಕೆಳಗೆ. 1876-78ರ ದೊಡ್ಡ ಬರದಲ್ಲಿ ಆ ಪ್ರಾಂತ್ಯದಲ್ಲಿ ಅತಿ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ಕಲಾದಗಿ ಒಂದು. 1872ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಜಿಲ್ಲೆಯ ಜನಸಂಖ್ಯೆ ಸುಮಾರು ಐದನೆಯ ಒಂದು ಪಾಲು ಕಡಿಮೆ ಆಯ್ತು. ಸತ್ತವರು ಸತ್ತರು, ಉಳಿದವರು ಗುಳೆ ಹೋದರು.

ಬರದಲ್ಲಿ ಜನ ಬರೀ ಹಸಿವಿನಿಂದ ಸಾಯೋದಿಲ್ಲ. ಹಸಿದ ಮೈಗೆ ಕಾಲರಾ, ಜ್ವರ, ಭೇದಿ ಬಂದು ಸಾಯ್ತಾರೆ. ಬ್ರಿಟಿಷರು ಸಾವಿನ ಲೆಕ್ಕ ಇಡ್ತಿದ್ದರು. ಊರಿನ ಅಧಿಕಾರಿಗಳು ಬರೆದು ಕಳಿಸಿದ್ದನ್ನು ಕೂಡಿಸಿ ವರ್ಷಾ ವರ್ಷ ವರದಿ ಮಾಡ್ತಿದ್ದರು. ಅದರಲ್ಲಿ ಸಾವಿಗೆ ಇದ್ದ ಕಾರಣಗಳು ಕೆಲವೇ: ಕಾಲರಾ, ಸಿಡುಬು, ಜ್ವರ, ಹೊಟ್ಟೆಯ ಬೇನೆ, ಅಪಘಾತ, ಇತರೆ. ಕೂಸಿನ ಭೇದಿ ಈ "ಹೊಟ್ಟೆಯ ಬೇನೆ" ಅನ್ನುವ ಖಾನೆಯಲ್ಲಿ ಬಿದ್ದು ಮರೆಯಾಯ್ತು. ಅದೂ ಯಾರಾದರೂ ಬರೆಸಿದ್ದರೆ. ಬರೆಯುವ ಕೈ ಪಾಟೀಲ-ಕುಲಕರ್ಣಿಯದು, ಸತ್ತ ಕೂಸು ಊರ ಹೊರಗಿನ ಕೇರಿಯದು. ಹೆಸರು ಇಡುವ ಮುಂಚೆಯೇ ಹೋದ ಕೂಸಿನ ಸುದ್ದಿ ಚಾವಡಿಗೆ ಒಯ್ದು ಹೇಳೋರು ಯಾರು?

ನಮ್ಮ ಭಾಗದ ಚರಿತ್ರೆ ಪುಸ್ತಕ ತೆಗೆದರೆ ಬಾದಾಮಿಯ ಮೂರನೇ ಗುಹೆಯ 578ರ ಶಾಸನ ಇರ್ತದೆ, ಐಹೊಳೆಯ 634ರ ರವಿಕೀರ್ತಿಯ ಶಾಸನ ಇರ್ತದೆ. ಇರಲಿ, ಅವೂ ನಮ್ಮವೇ, ಆ ಕಲ್ಲು ಕಡಿದವರು ನಮ್ಮ ಹಿರಿಯರೇ. ಆದರೆ ಬಾದಾಮಿಯ ಅಗಸ್ತ್ಯ ತೀರ್ಥದ ಫೋಟೋ ಹಾಕಿ "ಎಂಥಾ ಅದ್ಭುತ ಕೆರೆ" ಅಂತ ಬರೆಯೋರು, ಇಂಥ ಕೆರೆಗಳಲ್ಲಿ ಯಾರು ಕೊಡ ಮುಳುಗಿಸಬಹುದಿತ್ತು, ಯಾರು ದೂರ ನಿಂತು "ನೀರ ಹಾಕ್ರಿ ಎಪ್ಪಾ" ಅಂತ ಬೇಡಬೇಕಿತ್ತು ಅನ್ನೋದನ್ನ ಒಂದು ಸಾಲೂ ಬರೆಯೋದಿಲ್ಲ. ಕೃಷ್ಣಾ ಮಲಪ್ರಭಾ ಕೂಡುವ ಕೂಡಲಸಂಗಮ ಇರೋದು ನಮ್ಮ ಹುನಗುಂದ ಸೀಮೆಯಲ್ಲಿ. ಎರಡು ಹೊಳೆಯ ನೀರು ಅಲ್ಲಿ ಒಂದಾಯ್ತು, ಸುತ್ತಲಿನ ಊರುಗಳ ಎರಡು ಬಾವಿಯ ನೀರು ಒಂದಾಗಲಿಲ್ಲ.

ಬೋಳೆ ಠರಾವು, ಮಹಾಡ್, ಮತ್ತು ದವಾಖಾನೆ

ಮಹಾಡ್ ಸತ್ಯಾಗ್ರಹ ಅಂದಕೂಡಲೇ ನಮ್ಮ ಹುಡುಗರಿಗೆ 1927ರ ಮಾರ್ಚ್ 20 ನೆನಪಿಗೆ ಬರ್ತದೆ. ಅದರ ಹಿಂದಿನ ಕಾಗದ ಬಹಳ ಮಂದಿಗೆ ಗೊತ್ತಿಲ್ಲ. 1923ರ ಆಗಸ್ಟ್ 4ರಂದು ಮುಂಬಯಿ ಶಾಸನ ಪರಿಷತ್ತಿನಲ್ಲಿ ಎಸ್. ಕೆ. ಬೋಳೆ ಒಂದು ಠರಾವು ಮಂಡಿಸಿ ಪಾಸ್ ಮಾಡಿಸಿದರು. ಸಾರ್ವಜನಿಕ ಹಣದಲ್ಲಿ ಕಟ್ಟಿದ ಬಾವಿ, ಕೆರೆ, ಧರ್ಮಶಾಲೆ, ಶಾಲೆ, ಕೋರ್ಟು, ಕಚೇರಿ, ದವಾಖಾನೆ ಎಲ್ಲವನ್ನೂ ಅಸ್ಪೃಶ್ಯರು ಬಳಸಬಹುದು ಅಂತ. ವಿಜಾಪುರ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲೇ ಇತ್ತು. ಅಂದರೆ ಈ ಠರಾವು ಬಾಗಲಕೋಟೆಗೂ, ಬಾದಾಮಿಗೂ, ಹುನಗುಂದಕ್ಕೂ, ಇಳಕಲ್ಲಿಗೂ ಸಂಬಂಧಪಟ್ಟದ್ದು.

ಆ ಪಟ್ಟಿಯಲ್ಲಿ ಬಾವಿಯೂ ಇದೆ, ದವಾಖಾನೆಯೂ ಇದೆ, ಇದನ್ನು ಗಮನಿಸಿ. ಕೂಸಿಗೆ ಭೇದಿ ಹತ್ತೋದಕ್ಕೆ ಒಂದು ಕಾರಣ, ಕೂಸು ಉಳಿಯೋದಕ್ಕೆ ಇನ್ನೊಂದು ದಾರಿ. ಎರಡೂ ಮುಚ್ಚಿದ್ದವು ಅನ್ನೋದಕ್ಕೆ ಆ ಠರಾವೇ ಸಾಕ್ಷಿ. ತೆರೆದೇ ಇದ್ದರೆ ಠರಾವು ಯಾಕೆ ಬೇಕಿತ್ತು?

ಠರಾವು ಕಾಗದದಲ್ಲೇ ಉಳೀತು. ಊರಿನವರು ಬಿಡಲಿಲ್ಲ. 1926ರಲ್ಲಿ ಬೋಳೆ ಮತ್ತೊಮ್ಮೆ ಠರಾವು ತರಬೇಕಾಯ್ತು: ಜಾರಿ ಮಾಡದ ಪುರಸಭೆಗಳಿಗೆ ಅನುದಾನ ನಿಲ್ಲಿಸಿ ಅಂತ. ಅದೇ 1926ರಲ್ಲಿ ಬಾಬಾಸಾಹೇಬರ ಮಗ ರಾಜರತ್ನ ತೀರಿಕೊಂಡ. ಬಾಬಾಸಾಹೇಬ ಮತ್ತು ರಮಾಬಾಯಿ ತಾಯಿಯ ಐದು ಮಕ್ಕಳಲ್ಲಿ ನಾಲ್ವರು ಸಣ್ಣವರಿದ್ದಾಗಲೇ ಹೋದರು, ಯಶವಂತ ಒಬ್ಬರೇ ಉಳಿದರು. ಆ ದುಃಖದ ಮರುವರ್ಷವೇ ಅವರು ಮಹಾಡ್‌ನ ಚವದಾರ ಕೆರೆಗೆ ಇಳಿದು ಬೊಗಸೆ ನೀರು ಕುಡಿದರು. ಸವರ್ಣರು ಆ ಕೆರೆಯನ್ನು ಸೆಗಣಿ ಗಂಜಳ ಹಾಕಿ "ಶುದ್ಧ" ಮಾಡಿದರು. ಮನುಷ್ಯ ಮುಟ್ಟಿದ ನೀರು ಹೊಲಸು, ಸೆಗಣಿ ಬಿದ್ದ ನೀರು ಶುದ್ಧ! ಈ ಬುದ್ಧಿಯವರ ಕೈಯಲ್ಲಿ ಊರಿನ ನೀರಿನ ಕೀಲಿ ಇತ್ತು. ಕೋರ್ಟಿನ ಕೊನೆಯ ತೀರ್ಪು ನಮ್ಮ ಪರ ಬಂದದ್ದು 1937ರ ಮಾರ್ಚ್ 17ಕ್ಕೆ. ಒಂದು ಕೆರೆಗೆ ಹತ್ತು ವರ್ಷ.

ನಮ್ಮ ಅವ್ವನ ಲೆಕ್ಕ

ನಮ್ಮವ್ವ ಆರು ಹಡದಾಳ, ನಾವು ನಾಕು ಮಂದಿ ಉಳದೀವಿ. ಹೋದ ಎರಡರಲ್ಲಿ ಒಂದು ಹತ್ತು ತಿಂಗಳ ಕೂಸು. ಕೇಳಿದರೆ ಅವ್ವ ಹೇಳೂದು ಇಷ್ಟೇ: "ಹಲ್ಲ ಬರೂ ಮುಂದ ಜಾಡಿಸ್ತು, ವಾಂತಿ ಆತು, ನೆತ್ತಿ ಬಿತ್ತು, ಮೂರು ದಿನದಾಗ ಹೋತು." ದೃಷ್ಟಿ ತೆಗೆದರು, ದುರಗವ್ವಗ ಹರಕೆ ಹೊತ್ತರು. ಊರಾಗಿನ ಹಿರ್ಯಾರು ಯಾರೋ "ನೀರ ಕುಡಸಬ್ಯಾಡ್ರಿ, ಕುಡಿಸಿದಷ್ಟೂ ಜಾಡಸ್ತದ" ಅಂದರಂತ. ನೀರು ನಿಲ್ಲಿಸಿದರು.

ಹಲ್ಲು ಬರುವ ಆರು ತಿಂಗಳಿಂದ ಎರಡು ವರ್ಷದ ನಡುವಿನ ವಯಸ್ಸೇ ರೋಟಾ ಜೋರಾಗಿ ಕಾಡುವ ವಯಸ್ಸು. ಕೂಸು ಅಂಬೆಗಾಲಿಟ್ಟು ಸಿಕ್ಕಿದ್ದನ್ನು ಬಾಯಿಗೆ ಹಾಕೋದೂ ಆಗಲೇ. ನಮ್ಮ ಕಡೆ ಬನದ ಹುಣ್ಣಿವಿಯ ಹೊತ್ತಿನ ಚಳಿಗಾಲದಲ್ಲಿ ಈ ವೈರಸ್ಸಿನ ಹಾವಳಿ ಹೆಚ್ಚು. ನಮ್ಮವ್ವನ ಕೂಸಿಗೆ ಬಂದದ್ದು ರೋಟಾನೇ ಅಂತ ನಾನು ಸಾಧಿಸಲಾರೆ. ಆದರೆ "ಹಲ್ಲ ಬರೂ ಮುಂದ ಹೋತು" ಅನ್ನೋ ಮಾತು ನಮ್ಮ ಕೇರಿಗಳಲ್ಲಿ ಎಷ್ಟು ಮನೆಯಲ್ಲಿದೆ ಅಂತ ನೀವೇ ನಿಮ್ಮ ಅವ್ವ, ಅಮ್ಮ, ಆಯಿಗಳನ್ನು ಕೇಳಿ ನೋಡಿ. ಸರ್ಕಾರದ ರಿಜಿಸ್ಟರ್ ಮುಚ್ಚಿಟ್ಟದ್ದು ಅವರ ಬಾಯಲ್ಲಿ ಐತಿ.

1973

ಈ ವೈರಸ್ ಮೊದಲು ಕಣ್ಣಿಗೆ ಬಿದ್ದದ್ದು 1973ರಲ್ಲಿ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ರೂತ್ ಬಿಷಪ್ ಅನ್ನುವ ಹೆಣ್ಣುಮಗಳು ಮತ್ತು ಆಕೆಯ ಸಂಗಡಿಗರು, ಭೇದಿಯಾದ ಮಕ್ಕಳ ಕರುಳಿನ ಚೂರನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಚಕ್ರದಂಥ ಕಣಗಳು ಕಂಡವು. ಮರುವರ್ಷ ಥಾಮಸ್ ಫ್ಲೆವೆಟ್ ಅದಕ್ಕೆ ರೋಟಾ ಅಂತ ಹೆಸರು ಸೂಚಿಸಿದರು. ಲ್ಯಾಟಿನ್ ಭಾಷೆಯಲ್ಲಿ ರೋಟಾ ಅಂದರೆ ಗಾಲಿ. ಅದಕ್ಕೂ ಸ್ವಲ್ಪ ಮೊದಲು, 1972ರಲ್ಲಿ, ಅಮೆರಿಕದ ನಾರ್ವಾಕ್ ಊರಿನ ಶಾಲೆಯೊಂದರಲ್ಲಿ 1968ರಲ್ಲಿ ಹಬ್ಬಿದ್ದ ವಾಂತಿ-ಭೇದಿಯ ವೈರಸ್ಸನ್ನು ಕಂಡುಹಿಡಿದಿದ್ದರು. ಅದೇ ಇವತ್ತಿನ ನೊರೊ.

ಇವೆಲ್ಲ ಹರಡೋದು ಮಲದಿಂದ ಬಾಯಿಗೆ. ರೋಟಾ ಬಂದ ಕೂಸಿನ ಒಂದು ಗ್ರಾಂ ಮಲದಲ್ಲಿ ಸಾವಿರಾರು ಕೋಟಿ ವೈರಸ್ ಕಣಗಳು ಇರ್ತವೆ. ಇನ್ನೊಂದು ಕೂಸಿಗೆ ರೋಗ ಹತ್ತೋಕೆ ನೂರರೊಳಗಿನ ಕಣಗಳೇ ಸಾಕು.

ಈಗ ಯೋಚನೆ ಮಾಡಿ. ಈ ದೇಶದಲ್ಲಿ ಮಲದ ಜೊತೆ ಕಟ್ಟಿಹಾಕಲ್ಪಟ್ಟವರು ಯಾರು? ಮೆಲ್ಬರ್ನ್‌ನಲ್ಲಿ ರೋಟಾ ಕಂಡ ಆ ಹೊತ್ತಿನಲ್ಲೇ ನಮ್ಮ ಕರ್ನಾಟಕದಲ್ಲಿ ದೇವರಾಜ ಅರಸರ ಸರ್ಕಾರದ ಮಂತ್ರಿ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರುವ ಪದ್ಧತಿ ನಿಲ್ಲಿಸಲು ಆದೇಶ ಮಾಡಿದ್ದರು. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಅವರು ಆಡಿದ ಬೂಸಾ ಮಾತಿಗೆ ಗಲಾಟೆ ಎದ್ದು ಮಂತ್ರಿ ಪದವಿ ಹೋಯ್ತು. ಬೂಸಾ ಗಲಾಟೆ ಎಲ್ಲರ ನೆನಪಿನಲ್ಲಿದೆ. ಆ ಮನುಷ್ಯ ಮಲದ ಬುಟ್ಟಿ ಇಳಿಸಿದ್ದು ಒಂದು ದೊಡ್ಡ ಆರೋಗ್ಯ ಕಾರ್ಯಕ್ರಮ ಅಂತ ಯಾರೂ ಬರೆಯಲಿಲ್ಲ. ಆ ಬುಟ್ಟಿ ಹೊತ್ತ ತಾಯಿ ಮನೆಗೆ ಬಂದು ಅದೇ ಕೈಯಲ್ಲಿ ಕೂಸಿಗೆ ತುತ್ತು ಇಡಬೇಕಿತ್ತು, ಕೈ ತೊಳೆಯೋಕೆ ನೀರಿನ ಹಕ್ಕೂ ಇರಲಿಲ್ಲ. ಆದೇಶ ಆದರೂ ಪದ್ಧತಿ ಪೂರ್ತಿ ಹೋಗಲಿಲ್ಲ. 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ನಮ್ಮ ಭಂಗಿ ಬಂಧುಗಳು ಪುರಸಭೆ ಮುಂದೆ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯ್ತು.

ಉಪ್ಪು, ಸಕ್ಕರೆ, ನೀರು

ಭೇದಿಯಾದ ಕೂಸು ಸಾಯೋದು ಹೆಚ್ಚಾಗಿ ಮೈಯ ನೀರು, ಉಪ್ಪು ಖಾಲಿಯಾಗಿ. ರೋಟಾ ಸಣ್ಣ ಕರುಳಿನ ಒಳಪದರದ ಜೀವಕೋಶಗಳನ್ನು ಕೊಲ್ಲುತ್ತದೆ, ಕರುಳಿಗೆ ನೀರು ಹೀರಿಕೊಳ್ಳೋಕೆ ಆಗೋದಿಲ್ಲ, ಎಲ್ಲ ಹೊರಗೆ ಹೋಗ್ತದೆ. ಆದರೆ ಕರುಳಿನಲ್ಲಿ ಒಂದು ಬಾಗಿಲು ಉಳಿದಿರ್ತದೆ. ಸಕ್ಕರೆ ಮತ್ತು ಉಪ್ಪು ಜೊತೆಯಾಗಿ ಬಂದರೆ ಅದು ತೆರೀತದೆ, ಅವುಗಳ ಹಿಂದೆ ನೀರೂ ಒಳಗೆ ಹೋಗ್ತದೆ. ಒಆರ್‌ಎಸ್ ಅಂದರೆ ಇಷ್ಟೇ.

ಇದನ್ನು ದೊಡ್ಡ ಮಟ್ಟದಲ್ಲಿ ತೋರಿಸಿಕೊಟ್ಟದ್ದು ನಮ್ಮ ದೇಶದ ವೈದ್ಯ ದಿಲೀಪ್ ಮಹಲನಬಿಸ್. 1971ರ ಬಾಂಗ್ಲಾ ಯುದ್ಧದಲ್ಲಿ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತ್ತು. ನರಕ್ಕೆ ಹಾಕುವ ಸಲೈನ್ ಮುಗಿಯುತ್ತಾ ಬಂತು. ಅವರು ಉಪ್ಪು, ಸೋಡಾ, ಗ್ಲೂಕೋಸ್ ನೀರಲ್ಲಿ ಕಲಸಿ ಡ್ರಮ್ಮಿನಲ್ಲಿಟ್ಟು, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು 3.6ಕ್ಕೆ ಇಳೀತು. ವೈರಸ್ಸಿನ ಭೇದಿಗೂ ಇದೇ ಔಷಧ. ಡಾಕ್ಟರ್ ಬೇಡ, ಸೂಜಿ ಬೇಡ, ತಾಯಿ ಕೈ ಸಾಕು ಅಂತ ಆಯ್ತು. ಇಂಥ ಮನುಷ್ಯನಿಗೆ ಪದ್ಮವಿಭೂಷಣ ಬಂದದ್ದು 2023ರಲ್ಲಿ, ಅವರು ತೀರಿಹೋದ ಮೇಲೆ.

ಲಸಿಕೆ ಯಾರಿಗೆ ಮೊದಲು ಬಂತು

ಲಸಿಕೆಯ ಕಥೆಯಲ್ಲಿ ನಮ್ಮ ಬೆಂಗಳೂರೂ ಇದೆ. 1985-86ರಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯಲ್ಲಿ ಎಂ. ಕೆ. ಭಾನ್ ಒಂದು ವಿಚಿತ್ರ ಗಮನಿಸಿದರು. ಹುಟ್ಟಿದ ಕೂಸುಗಳಿಗೆ ರೋಟಾ ತಗಲಿತ್ತು, ಆದರೆ ಭೇದಿ ಆಗಿರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾ ರಾವ್ ಅವರ ತಂಡಕ್ಕೂ ಇಲ್ಲಿನ ಹಸುಗೂಸುಗಳಲ್ಲಿ ಅಂಥದ್ದೇ ಸಾಧು ವೈರಸ್ ಸಿಕ್ಕಿತು. ಅದರ ಬಹುಪಾಲು ಜೀನುಗಳು ದನದ ರೋಟಾ ವೈರಸ್ಸಿನವು. ದೆಹಲಿಯದಕ್ಕೆ 116ಇ, ಬೆಂಗಳೂರಿನದಕ್ಕೆ ಐ321 ಅಂತ ಹೆಸರು. ಎರಡನ್ನೂ ಪರೀಕ್ಷೆ ಮಾಡಿದಾಗ 116ಇ ಹೆಚ್ಚು ಕೆಲಸ ಮಾಡಿತು. ಅದರಿಂದ ರೋಟಾವ್ಯಾಕ್ ಆಯ್ತು. ದೆಹಲಿ, ಪುಣೆ, ವೆಲ್ಲೂರಿನ 6,799 ಕೂಸುಗಳ ಮೇಲೆ ಪ್ರಯೋಗ ಮಾಡಿ, ಮೊದಲ ವರ್ಷದಲ್ಲಿ ಜೋರು ಭೇದಿಯನ್ನು ನೂರಕ್ಕೆ 56ರಷ್ಟು ತಡೀತದೆ ಅಂತ 2014ರಲ್ಲಿ ಪ್ರಕಟಿಸಿದರು. ಡೋಸಿಗೆ ಒಂದು ಡಾಲರ್, ಆಗಿನ ಲೆಕ್ಕದಲ್ಲಿ 60 ರೂಪಾಯಿ ಆಸುಪಾಸು.

ಈಗ ತಾರೀಖು ನೋಡಿ. ವಿದೇಶಿ ಕಂಪನಿಗಳ ಲಸಿಕೆ 2006ಕ್ಕೇ ಬಂದಿತ್ತು. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ "ಎಲ್ಲ ದೇಶಗಳೂ ಕೊಡಿ" ಅಂತ ಹೇಳಿತು. 2010ರ ಹೊತ್ತಿಗೆ ನಮ್ಮ ಪಟ್ಟಣಗಳ ಖಾಸಗಿ ಮಕ್ಕಳ ಡಾಕ್ಟರ ಹತ್ತಿರ ಅದು ಸಿಗ್ತಿತ್ತು, ಡೋಸಿಗೆ ಸಾವಿರ ರೂಪಾಯಿ ಹತ್ತಿರ. ಸರ್ಕಾರ ಪುಕ್ಕಟೆ ಕೊಡೋಕೆ ಶುರು ಮಾಡಿದ್ದು 2016ರಲ್ಲಿ, ಅದೂ ಹಿಮಾಚಲ, ಹರಿಯಾಣ, ಒಡಿಶಾ, ಆಂಧ್ರದಲ್ಲಿ. ನಮ್ಮ ಕರ್ನಾಟಕಕ್ಕೆ ಬಂದದ್ದು 2019ರಲ್ಲಿ. ಅಂದರೆ ಸುಮಾರು ಹತ್ತು ವರ್ಷ ರೊಕ್ಕ ಇದ್ದವರ ಕೂಸಿಗೆ ಲಸಿಕೆ, ಕೂಲಿಯವರ ಕೂಸಿಗೆ ದೃಷ್ಟಿ ತೆಗೆಯೋದು. ಹತ್ತು ವರ್ಷದಲ್ಲಿ ಒಂದು ಕೇರಿಯಲ್ಲಿ ಎಷ್ಟು ಕೂಸು ಹುಟ್ಟತಾವ, ನೀವೇ ಎಣಿಸಿ. "ವೈರಸ್ಸಿಗೆ ಜಾತಿ ಇಲ್ಲ" ಅಂದವರಿಗೆ ಈ ತಾರೀಖುಗಳನ್ನು ತೋರಿಸಿ.

ಹೊಳೆ ಬಂದಾಗ, ನಳ ಬಂದಾಗ

2009ರ ನೆರೆಯಲ್ಲಿ ಬಾದಾಮಿ, ಹುನಗುಂದದ ಹೊಳಿದಂಡಿ ಊರುಗಳು ಮುಳುಗಿದವು. ಮತ್ತೆ 2019ರ ಆಗಸ್ಟಿನಲ್ಲಿ ಮಲಪ್ರಭಾ ಉಕ್ಕಿ ಪಟ್ಟದಕಲ್ಲಿನ ಗುಡಿಗಳಿಗೇ ನೀರು ನುಗ್ಗಿತು. ಟಿವಿಯವರು ಗುಡಿ ತೋರಿಸಿದರು. ಹೊಳೆ ಇಳಿದ ಮೇಲೆ ಉಳಿಯೋದು ಕೆಸರು, ಹೊಲಸು, ಕೆಟ್ಟ ಬೋರ್‌ವೆಲ್. ಗಂಜಿ ಕೇಂದ್ರದಲ್ಲಿ ಒಂದೇ ಹಾಲ್‌ನಲ್ಲಿ ನೂರಾರು ಮಂದಿ, ನಾಲ್ಕು ಪಾಯಿಖಾನೆ. ಸಣ್ಣ ಕೂಸಿಗೆ ಭೇದಿ ಹತ್ತೋಕೆ ಇನ್ನೇನು ಬೇಕು?

ಹುನಗುಂದ ಸೀಮೆಯ ಒಂದು ಊರು, ಹೆಸರು ಬ್ಯಾಡ. ಮನೆ ಮನೆಗೆ ನಳ ಬಂದೈತಿ. ಟಾಕಿಯಿಂದ ಪೈಪು ಹೊರಟು ಮೊದಲು ಗೌಡರ ಓಣಿ, ಆಮೇಲೆ ಬಜಾರ, ಕೊನೆಗೆ ನಮ್ಮ ಕೇರಿ. ಕೇರಿಗೆ ಬರೂದರೊಳಗ ನೀರಿನ ಒತ್ತಡ ಇರೂದಿಲ್ಲ. ಪೈಪು ಗಟಾರದೊಳಗೇ ಹಾದು ಬಂದೈತಿ, ಜಾಯಿಂಟ್ ಸಡಿಲ. ನೀರು ನಿಂತಾಗ ಗಟಾರದ್ದು ಒಳಗ ಹೋಗ್ತದ. ನಾನೇ ಬಗ್ಗಿ ನೋಡಿ ಫೋಟೋ ತೆಗೆದು ಅರ್ಜಿ ಕೊಟ್ಟೀನಿ. ಮೊದಲು ಬಾವಿ ಬೇರೆ ಇತ್ತು, ಈಗ ಪೈಪಿನ ತುದಿ ಬೇರೆ.

ಇದು ಬರೀ ನಮ್ಮ ಜಿಲ್ಲೆಯ ಮಾತಲ್ಲ. 2022ರಲ್ಲಿ ರಾಯಚೂರು ನಗರ, 2023ರಲ್ಲಿ ದೇವದುರ್ಗದ ರೇಕಲಮರಡಿ, ಇಳಕಲ್ಲಿಗೆ ಹತ್ತಿರದ ಕುಷ್ಟಗಿ ತಾಲೂಕಿನ ಬಿಜಕಲ್, ಕನಕಗಿರಿಯ ಬಸರಿಹಾಳ, ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿ. ಎಲ್ಲ ಕಡೆ ಹೊಲಸು ನೀರಿನ ಸುದ್ದಿ, ಸಾವಿನ ಸುದ್ದಿ. ಕವಾಡಿಗರಹಟ್ಟಿಯಲ್ಲಿ ಸತ್ತವರು ನಮ್ಮ ದಲಿತ ಕಾಲೊನಿಯವರು.

ಈಗ ಮಾಡಬೇಕಾದದ್ದು

ಚರಿತ್ರೆ ಓದಿ ಸಿಟ್ಟು ಬಂದರೆ ಸಾಲದು. ನಮ್ಮ ಹುಡುಗರು, ಹುಡುಗಿಯರು ನಿಮ್ಮ ನಿಮ್ಮ ಕೇರಿಯಲ್ಲಿ ಇವಿಷ್ಟು ಮಾಡಿ.

ಒಂದು. ವರ್ಷದೊಳಗಿನ ಪ್ರತಿ ಕೂಸಿನ ತಾಯಿ ಕಾರ್ಡ್ ತೆಗೆದು ನೋಡಿ. ರೋಟಾ ಲಸಿಕೆ ಆರು, ಹತ್ತು, ಹದಿನಾಲ್ಕನೇ ವಾರಕ್ಕೆ ಮೂರು ಸಲ, ಬಾಯಿಗೆ ಕೊಡೋದು, ಪುಕ್ಕಟೆ. ಗುಳೆ ಹೋಗಿ ಬಂದ ಮನೆಗಳಲ್ಲಿ ಇದು ತಪ್ಪಿರ್ತದೆ. ಆಶಾ ಅಕ್ಕನನ್ನ ಕರೆದುಕೊಂಡು ಬಂದು ತೋರಿಸಿ. ಲಸಿಕೆ ಹಾಕಿದರೂ ಭೇದಿ ಆಗಬಹುದು, ಜೀವಕ್ಕೆ ಬರೋದು ಕಡಿಮೆ ಆಗ್ತದೆ.

ಎರಡು. ಭೇದಿ ಶುರುವಾದ ಕೂಡಲೇ ಒಆರ್‌ಎಸ್. ನೀರು ನಿಲ್ಲಿಸಬೇಡಿ, ಎದೆಹಾಲು ನಿಲ್ಲಿಸಬೇಡಿ. ಪಾಕೀಟು ಇಲ್ಲದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಸಣ್ಣ ಚಮಚದಲ್ಲಿ ಮಟ್ಟಸವಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಅಂಗಡಿಯ ಸಿಹಿ ಡಬ್ಬಿ ಜ್ಯೂಸು ಒಆರ್‌ಎಸ್ ಅಲ್ಲ. ಜೊತೆಗೆ ಸತುವಿನ ಗುಳಿಗೆ, ಅಂದರೆ ಜಿಂಕ್, 14 ದಿನ. ಭೇದಿ ನಿಂತರೂ ಕೋರ್ಸ್ ಮುಗಿಸಬೇಕು.

ಮೂರು. ಕಣ್ಣು ಒಳಗೆ ಹೋಗಿದ್ದರೆ, ನೆತ್ತಿ ಬಿದ್ದಿದ್ದರೆ, ಉಚ್ಚೆ ನಿಂತಿದ್ದರೆ, ಕೂಸು ಕುಡಿಯದೆ ಮಂಕಾಗಿದ್ದರೆ, ಮಲದಲ್ಲಿ ರಕ್ತ ಕಂಡರೆ ತಡ ಮಾಡದೆ ದವಾಖಾನೆಗೆ ಒಯ್ಯಿರಿ. ರಾತ್ರಿಯಾದರೂ 108ಕ್ಕೆ ಫೋನ್ ಮಾಡಿ. ಹರಕೆ ಆಮೇಲೆ ತೀರಿಸಬಹುದು.

ನಾಲ್ಕು. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇರಿಯ ನಳದ ನೀರಿನ ಪರೀಕ್ಷೆ ಕೇಳಿ. ಟಾಕಿಯ ನೀರಿನ ವರದಿ ತೋರಿಸ್ತಾರೆ, ಒಪ್ಪಬೇಡಿ. ಪೈಪಿನ ಕೊನೆಯ ಮನೆಯ ನೀರು ಪರೀಕ್ಷೆ ಆಗಬೇಕು. ರೊಕ್ಕ ಇಲ್ಲ ಅಂದರೆ 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆಯ ಹೆಸರು ಹೇಳಿ. ನಮ್ಮ ಜನ ಬಳಸುವ ನೀರನ್ನು ಯಾರಾದರೂ ಬೇಕಂತಲೇ ಹೊಲಸು ಮಾಡಿದರೆ ಅದು 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅಪರಾಧ.

ಐದು. ಕೇರಿಯಲ್ಲಿ ಕೂಸು ತೀರಿದರೆ ನೋಂದಣಿ ಮಾಡಿಸಿ, ಕಾರಣ ಬರೆಸಿ. ಕಲಾದಗಿಯ ಕಾಲದಿಂದ ನಮ್ಮ ಕೂಸುಗಳ ಸಾವಿಗೆ ಕಾಗದ ಇಲ್ಲ. ಕಾಗದ ಇಲ್ಲದ ಸಾವಿಗೆ ಸರ್ಕಾರ ಉತ್ತರ ಕೊಡೋದಿಲ್ಲ.

ನಿಮ್ಮ ಊರಿನ ಪೈಪು ಎಲ್ಲಿಂದ ಎಲ್ಲಿಗೆ ಬರ್ತದೆ, ಕೊನೆಯ ನಳ ಯಾರ ಮನೆಯದು, ಕಮೆಂಟಿನಲ್ಲಿ ಬರೀರಿ. ಎಲ್ಲ ಕೂಡಿಸಿ ಜಿಲ್ಲಾ ಪಂಚಾಯಿತಿಗೆ ಒಂದೇ ಅರ್ಜಿ ಕೊಡೋಣ.

ಜೈ ಭೀಮ್.